ಮಳೆ, ಕೆಂಪು ಮಣ್ಣು, ಅಡಿಕೆ ಚೊಗರಿನ ಊರಲ್ಲಿ ಬಿಳಿ ಪಂಚೆ ಆರಿಸುವುದು, ಉಡುವುದು, ಉಳಿಸಿಕೊಳ್ಳುವುದು

ಮದುವೆ ಸೀಸನ್ ಬಂತು ಅಂದರೆ ಶಿರಸಿಯ ಸಿ.ಪಿ. ಬಜಾರಿನಲ್ಲೋ ಕಾರವಾರದ ಗ್ರೀನ್ ಸ್ಟ್ರೀಟಿನಲ್ಲೋ ಅಂಗಡಿ ಹೊಕ್ಕು, "ಒಂದು ಬಿಳಿ ಪಂಚೆ ಕೊಡಿ" ಅಂತ ಕೇಳಿ, ಅವರು ಕೊಟ್ಟಿದ್ದನ್ನು ಕಟ್ಟಿಸಿಕೊಂಡು ಬರುವವರೇ ಜಾಸ್ತಿ. ಮನೆಯಲ್ಲಿ ಜುಬ್ಬದ ಜೊತೆ ಇಟ್ಟು ನೋಡಿದಾಗ ಪಂಚೆಯದು ಒಂದು ಬಿಳಿ, ಜುಬ್ಬದ್ದು ಇನ್ನೊಂದು ಬಿಳಿ. ಎರಡೂ ಹೊಸತೇ. ಆದರೂ ಒಂದರ ಪಕ್ಕ ಇನ್ನೊಂದು ಕೊಳೆಯಾದ ಹಾಗೆ ಕಾಣುತ್ತದೆ. ಬಿಳಿ ಸುಲಭದ ಬಣ್ಣ, ಅದರಲ್ಲಿ ಆರಿಸುವುದು ಏನಿದೆ ಅಂತ ಅಂದುಕೊಳ್ಳುವುದರಿಂದಲೇ ಹೀಗಾಗುವುದು. ನನ್ನ ಪ್ರಕಾರ ಗಂಡಸರ ಉಡುಗೆಯಲ್ಲಿ ಎಲ್ಲಕ್ಕಿಂತ ಹುಷಾರಾಗಿ ಆರಿಸಬೇಕಾದ ಬಣ್ಣ ಬಿಳಿ. ಅದರಲ್ಲೂ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ. ನಾಲ್ಕು ತಿಂಗಳು ಬಿಸಿಲು ಕಾಣದ, ಅಂಗಳಕ್ಕೆ ಇಳಿದರೆ ಕೆಂಪು ಮಣ್ಣು ಹಾರುವ, ಮನೆಮನೆಯಲ್ಲಿ ಕವಳದ, ಅಂದರೆ ಎಲೆ ಅಡಿಕೆಯ ತಟ್ಟೆ ಇರುವ ಊರಲ್ಲಿ ಬಿಳಿ ಉಡುವುದಕ್ಕೆ ಒಂದಿಷ್ಟು ತಿಳುವಳಿಕೆ ಬೇಕು.

ಯಾವ ಬಿಳಿ

ಅಂಗಡಿಯಲ್ಲಿ ಸಿಗುವ ಬಿಳಿ ಮುಖ್ಯವಾಗಿ ಮೂರು ಥರ. ಒಂದು, ಪೂರ್ತಿ ಬ್ಲೀಚ್ ಮಾಡಿದ ಹಾಲು ಬಿಳಿ. ಎರಡು, ಅಂಗಡಿಯವರು ಹಾಫ್ ವೈಟ್ ಅಥವಾ ಕ್ರೀಮ್ ಅನ್ನುವ ಕೆನೆ ಬಿಳಿ. ಮೂರು, ಮಗ್ಗದಿಂದ ಬಂದ ಹಾಗೇ ಇರುವ ಕೋರಾ ಬಟ್ಟೆ. ಇದರಲ್ಲಿ ಹತ್ತಿಯ ಸಿಪ್ಪೆಯ ಚುಕ್ಕಿಗಳು ಅಲ್ಲಲ್ಲಿ ಕಾಣುತ್ತವೆ, ಮುಟ್ಟಿದರೆ ಸ್ವಲ್ಪ ಒರಟು.

ಹತ್ತಿ ತಾನಾಗಿ ಹಾಲಿನಷ್ಟು ಬೆಳ್ಳಗೆ ಇರುವುದಿಲ್ಲ. ಅದರಲ್ಲಿ ತೆಳು ಹಳದಿ ಛಾಯೆ ಇರುತ್ತದೆ. ಹಾಲು ಬಿಳಿ ಬೇಕಾದರೆ ಬ್ಲೀಚ್ ಮಾಡಬೇಕು. ಮೇಲಿಂದ ಹೊಳಪಿನ ರಾಸಾಯನಿಕವನ್ನೂ ಹಾಕುತ್ತಾರೆ. ಈ ಹೊಳಪು ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿಕೊಂಡು ನೀಲಿ ಬೆಳಕಾಗಿ ಹೊರಗೆ ಬಿಡುತ್ತದೆ. ಅದಕ್ಕೇ ಅಂಗಡಿಯ ದೀಪದ ಕೆಳಗೆ ಸಾಧಾರಣವಾಗಿ ಕಂಡ ಪಂಚೆ ಹೊರಗೆ ಬಂದಾಗ ನೀಲಿ ಮಿಶ್ರಿತ ಬಿಳಿಯಾಗಿ ಕಣ್ಣಿಗೆ ಹೊಡೆಯುವುದು. ಹಾಗಾಗಿ ಬಿಳಿ ಬಟ್ಟೆಯನ್ನು ಅಂಗಡಿಯ ಬಾಗಿಲಿಗೆ ತಂದು, ಹಗಲು ಬೆಳಕಲ್ಲಿ ನೋಡದೆ ಕೊಳ್ಳಲೇಬೇಡಿ. ಸಂಜೆ ಮೇಲೆ ಹೋಗಬೇಡಿ. ಹಗಲಲ್ಲೇ ಹೋಗಿ.

ನಮ್ಮ ಕಡೆಗೆ ಒಗ್ಗುವುದು ಕೆನೆ ಬಿಳಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಕಾರಣ ಇದೆ. ನಮ್ಮ ಬಹಳಷ್ಟು ಬಾವಿಗಳು ಕೆಂಪು ಕಲ್ಲಿನ ನೆಲದಲ್ಲಿವೆ, ಕೆಲವು ಕಡೆ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಕೊಡದ ಒಳಗೆ, ಬಚ್ಚಲ ಗೋಡೆಯ ಮೇಲೆ ಕಂದು ಪೊರೆ ಕಟ್ಟುವುದು ಅದರಿಂದಲೇ. ಆ ನೀರಲ್ಲಿ ಒಗೆದ ಹಾಲು ಬಿಳಿ ಬಟ್ಟೆ ಸ್ವಲ್ಪ ದಿನಕ್ಕೇ ಕಂದುತ್ತದೆ, ಮತ್ತೆ ಏನು ಮಾಡಿದರೂ ಮೊದಲಿನ ಬಿಳಿ ಬರುವುದಿಲ್ಲ. ಕೆನೆ ಬಿಳಿ ಬಟ್ಟೆಗೆ ಅದೇ ನೀರು ತಾಗಿದರೂ ಬಣ್ಣದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಅದು ಹಳತಾದರೂ ಚೆಂದವಾಗಿಯೇ ಹಳತಾಗುತ್ತದೆ. ಇನ್ನೊಂದು, ಗದ್ದೆ ಕೆಲಸ, ಸಮುದ್ರದ ಕೆಲಸ, ತೋಟ ತಿರುಗಾಟ ಮಾಡಿ ಬಿಸಿಲು ಬಡಿದ ಮೈಬಣ್ಣಕ್ಕೆ ಕೆನೆ ಬಿಳಿ ತುಂಬ ಚೆನ್ನಾಗಿ ಒಪ್ಪುತ್ತದೆ. ನೀಲಿ ಛಾಯೆಯ ಬಿಳಿ ಹಾಕಿದರೆ ಮೊದಲು ಬಟ್ಟೆ ಕಾಣುತ್ತದೆ, ಆಮೇಲೆ ಮನುಷ್ಯ.

ಹಾಲು ಬಿಳಿ ಬೇಡವೇ ಬೇಡ ಅಂತ ಅಲ್ಲ. ಸಭೆ, ಸಮಾರಂಭ, ಸ್ವಾತಂತ್ರ್ಯ ದಿನದ ಧ್ವಜವಂದನೆಗೆ ಚೊಕ್ಕ ಬಿಳಿ ಅಂಗಿ, ಚೊಕ್ಕ ಬಿಳಿ ಪಂಚೆ ಚೆಂದವೇ. ಆದರೆ ಎರಡೂ ಅದೇ ಬಿಳಿ ಆಗಿರಬೇಕು. ಹಾಲು ಬಿಳಿ ಅಂಗಿಯ ಕೆಳಗೆ ಹಾಫ್ ವೈಟ್ ಪಂಚೆ ಉಡಬೇಡಿ. ಪಂಚೆ ಈಗಾಗಲೇ ಮನೆಯಲ್ಲಿ ಇದ್ದರೆ ಅದನ್ನು ಚೀಲಕ್ಕೆ ಹಾಕಿಕೊಂಡೇ ಜುಬ್ಬದ ಬಟ್ಟೆ ಕೊಳ್ಳಲು ಹೋಗಿ. ನೆನಪಿನ ಮೇಲೆ ಬಿಳಿ ಹೊಂದಿಸಲು ಆಗುವುದಿಲ್ಲ.

ರೇಷ್ಮೆಯಲ್ಲಿ ಈ ತೊಂದರೆ ಕಡಿಮೆ. ಸಹಜ ರೇಷ್ಮೆ ಕೆನೆ ಬಣ್ಣದ್ದೇ. ಕೊಳ್ಳುವಾಗ ಅಸಲಿ ರೇಷ್ಮೆ ಅನ್ನುವ ಸಿಲ್ಕ್ ಮಾರ್ಕ್ ಚೀಟಿ ಇದೆಯಾ ನೋಡಿ, 2004ರಿಂದ ಅದು ಬಳಕೆಯಲ್ಲಿದೆ. ಚೀಟಿ ಇಲ್ಲದಿದ್ದರೆ ಅಂಚಿನಿಂದ ಒಂದು ಎಳೆ ಕೇಳಿ ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಬಟ್ಟೆಯ ದಪ್ಪ

ಬಿಳಿಯಲ್ಲಿ ಬಣ್ಣದಷ್ಟೇ ಮುಖ್ಯವಾದದ್ದು ದಪ್ಪ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ತೆಳು ಬಿಳಿ ಪಂಚೆ ಒದ್ದೆಯಾದರೆ ಉಟ್ಟೂ ಉಡದ ಹಾಗೆ. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ಪದರ ಬಟ್ಟೆಯ ಹಿಂದೆ ಕೈ ಇಟ್ಟು ಬೆಳಕಿಗೆ ಹಿಡಿಯಿರಿ. ಕೈಯ ನೆರಳು ಮಾತ್ರ ಕಂಡರೆ ಸರಿ. ಬೆರಳು ಬೆರಳು ಬೇರೆಯಾಗಿ ಕಂಡರೆ ಅದನ್ನು ಒಂಟಿ ಪಂಚೆಯಾಗಿ ಉಡಬೇಡಿ, ಜೋಡಿ ಪಂಚೆಯೇ ಬೇಕು.

ಮೊಳದ ಲೆಕ್ಕ ಗೊತ್ತಿದ್ದರೆ ಅಂಗಡಿಯಲ್ಲಿ ಮಾತು ಸುಲಭ. ಒಂದು ಮೊಳ ಸುಮಾರು 45 ಸೆಂಟಿಮೀಟರ್. ನಾಲ್ಕು ಮೊಳದ್ದು ಒಂಟಿ, ಅಂದರೆ ಹೆಚ್ಚು ಕಡಿಮೆ 2 ಮೀಟರ್. ಎಂಟು ಮೊಳದ್ದು ಜೋಡಿ, ಎರಡು ಪದರ ಮಡಚಿ ಉಡುವಂಥದ್ದು. ಕಚ್ಚೆ ಹಾಕುವುದಕ್ಕೆ ಒಂಬತ್ತು ಮೊಳದ ಪಂಚೆ, ಐದು ಮೊಳದ ಶಲ್ಯ ಸೇರಿದ ಸೆಟ್ ಸಿಗುತ್ತದೆ. ಅದಕ್ಕೆ 'ಒಂಬತ್ತು ಐದು' ಅಂತಲೇ ಕೇಳಬಹುದು. ಹೊಟ್ಟೆ ಸ್ವಲ್ಪ ಮುಂದಿದ್ದರೆ ಹತ್ತು ಮೊಳದ್ದೇ ತಗೊಳ್ಳಿ. ಇಲ್ಲದಿದ್ದರೆ ನಿರಿಗೆಗೆ ಬಟ್ಟೆ ಸಾಲುವುದಿಲ್ಲ, ನಡೆಯುವಾಗ ಕಾಲು ಕಾಣುತ್ತದೆ.

ಚೀಟಿ ಮೇಲೆ ನೂಲಿನ ನಂಬರ್ ಇದ್ದರೆ ನೋಡಿ. ನಂಬರ್ ದೊಡ್ಡದಾದಷ್ಟೂ ನೂಲು ಸಣ್ಣ, ಬಟ್ಟೆ ನಯ. 40ನೇ ನಂಬರಿನದು ದಿನಬಳಕೆಗೆ ಗಟ್ಟಿ. 80, 100 ಮದುವೆಗೆ ಚೆಂದ, ಆದರೆ ತೆಳು. ಕೈಮಗ್ಗ ಅಂತ ಹೇಳಿ ಮಾರುವುದೆಲ್ಲ ಕೈಮಗ್ಗದ್ದಲ್ಲ, ಹ್ಯಾಂಡ್‌ಲೂಮ್ ಮಾರ್ಕ್ ಇದ್ದರೆ ಧೈರ್ಯ. ಕೇರಳದ ಕುತ್ತಾಂಪುಳ್ಳಿ, ಚೇಂದಮಂಗಲಂ ಕಡೆಯ ಪಂಚೆಗಳಿಗೆ ಭೌಗೋಳಿಕ ಸೂಚಿಕೆ, ಅಂದರೆ ಆ ಊರಿನದೇ ಅನ್ನುವ ಜಿಐ ಗುರುತು ಇದೆ. ಅವುಗಳ ಕೆನೆ ಬಿಳಿಗೂ ಸಣ್ಣ ಜರಿ ಅಂಚಿಗೂ ಸರಿಸಾಟಿ ಕಡಿಮೆ.

ಖಾದಿ ಬಗ್ಗೆ ಒಂದು ಮಾತು ಹೇಳಲೇಬೇಕು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲೆ ನಮ್ಮದು. ಖಾದಿಯ ಬಿಳಿಗೆ ಈ ಜಿಲ್ಲೆಯ ಹಳೆ ಮನೆಗಳಲ್ಲಿ ಇವತ್ತಿಗೂ ಒಂದು ಗೌರವ ಇದೆ. ಹುಬ್ಬಳ್ಳಿ ಕಡೆ ಹೋದಾಗ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘಕ್ಕೆ ಒಮ್ಮೆ ಹೋಗಿ ಬನ್ನಿ, ರಾಷ್ಟ್ರಧ್ವಜ ತಯಾರಾಗುವ ಜಾಗ ಅದು. ಖಾದಿ ಜುಬ್ಬ ಬೆವರು ಹೀರುತ್ತದೆ, ಮೈಗೆ ಅಂಟುವುದಿಲ್ಲ. ಕರಾವಳಿಯ ಏಪ್ರಿಲ್, ಮೇ ಸೆಕೆಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಆದರೆ ಖಾದಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಹೊಲಿಸುವ ಮೊದಲು ಒಂದು ರಾತ್ರಿ ಬರೀ ನೀರಲ್ಲಿ ನೆನೆಸಿ, ಹಿಂಡದೆ ಒಣಗಿಸಿ, ಆಮೇಲೆ ಟೇಲರ್ ಹತ್ತಿರ ಕೊಡಿ.

ಪಾಲಿಯೆಸ್ಟರ್ ಸೇರಿದ ಪಂಚೆ ಮಳೆಗಾಲಕ್ಕೆ ಬೇಗ ಒಣಗುತ್ತದೆ, ಇಸ್ತ್ರಿ ಬೇಡ, ನಿಜ. ದಿನಾ ಆಫೀಸು, ಅಂಗಡಿ ಅಂತ ಓಡಾಡುವವರು ಒಂದು ಇಟ್ಟುಕೊಳ್ಳಲಿ. ಆದರೆ ಅಡಿಕೆ ಬೇಯಿಸುವ ಒಲೆಯ ಹತ್ತಿರ, ಹೋಮದ ಹತ್ತಿರ ಅದನ್ನು ಉಟ್ಟು ಕೂರಬೇಡಿ. ಕಿಡಿ ಹಾರಿದರೆ ಹತ್ತಿಯ ಹಾಗೆ ಸುಡುವುದಿಲ್ಲ, ಕರಗಿ ಚರ್ಮಕ್ಕೇ ಅಂಟುತ್ತದೆ.

ಅಂಚು ಮತ್ತು ಜೊತೆ

ಬಿಳಿಯಲ್ಲಿ ಮಾತಾಡುವುದೆಲ್ಲ ಅಂಚು. ಎರಡು ಬೆರಳಿಗಿಂತ ಅಗಲದ ಅಂಚನ್ನು ಮದುವೆಗೆ ಮಾತ್ರ ಇಟ್ಟುಕೊಳ್ಳಿ. ಉಳಿದ ದಿನಕ್ಕೆ ಒಂದು ಬೆರಳಿನ ಅಂಚು ಸಾಕು. ಕೆನೆ ಬಿಳಿಗೆ ಕಡು ಹಸಿರು, ಕುಂಕುಮ ಕೆಂಪು, ಮರೂನ್, ಜರಿ ಇವೆಲ್ಲ ಒಪ್ಪುತ್ತವೆ. ಹಾಲು ಬಿಳಿಗೆ ಕಡು ನೀಲಿ, ಬೂದು ಅಂಚು ಹೊಂದುತ್ತದೆ. ಶುಭಕಾರ್ಯಕ್ಕೆ ಅಂಚೇ ಇಲ್ಲದ ಬಿಳಿ ಬೇಡ, ಕಪ್ಪು ಅಂಚೂ ಬೇಡ ಅನ್ನುವ ಹಿರಿಯರು ಇದ್ದಾರೆ. ಮದುವೆ ಮನೆಯಲ್ಲಿ ಅವರ ಮನಸ್ಸಿಗೆ ಯಾಕೆ ಬೇಸರ ಮಾಡಬೇಕು, ಸಣ್ಣದೊಂದು ಬಣ್ಣದ ಅಂಚು ಇರಲಿ.

ಕೊಳ್ಳುವ ಮೊದಲು ಅಂಚನ್ನು ಒದ್ದೆ ಬಿಳಿ ಕರವಸ್ತ್ರದಿಂದ ಉಜ್ಜಿ ನೋಡಲು ಕೇಳಿ. ಬಣ್ಣ ಹತ್ತಿದರೆ ಬಿಡಿ. ಬಿಳಿ ಪಂಚೆ ಹಾಳಾಗುವುದು ಎಷ್ಟೋ ಸಲ ಅದರದ್ದೇ ಅಂಚಿನಿಂದ. ಕೆಂಪು ಅಂಚು ಬಣ್ಣ ಬಿಟ್ಟು ಇಡೀ ಪಂಚೆ ಗುಲಾಬಿಯಾದದ್ದನ್ನು ಸರಿಮಾಡುವುದು ಬಹಳ ಕಷ್ಟ.

ಜುಬ್ಬ ಮಂಡಿಯ ತನಕ ಬರಲಿ. ಪಂಚೆಯ ಮೇಲೆ ಹಾಕುವುದಾದರೆ ಮಂಡಿಗಿಂತ ಒಂದು ಗೇಣು ಮೇಲೆ ನಿಂತರೂ ಚೆಂದ, ಇಲ್ಲದಿದ್ದರೆ ಪಂಚೆಯ ಅಂಚು ಮುಚ್ಚಿ ಹೋಗುತ್ತದೆ. ಬಿಳಿ ಜುಬ್ಬಕ್ಕೆ ಬಿಳಿ ನೂಲಲ್ಲೇ ಹೊಲಿಗೆ ಹಾಕಿಸಿ. ಕೆನೆ ಬಿಳಿಗೆ ಕೆನೆ ನೂಲು. ಟೇಲರ್ ಹತ್ತಿರ ಇಲ್ಲ ಅಂದರೆ ರೀಲು ನೀವೇ ತಂದು ಕೊಡಿ. ಜೇಬಿಗೆ ಅದೇ ಬಟ್ಟೆಯ ಎರಡು ಪದರ ಹಾಕಲು ಹೇಳಿ, ಇಲ್ಲವಾದರೆ ಜೇಬಿನಲ್ಲಿರುವ ನೋಟು, ಚೀಟಿ ಎಲ್ಲ ಹೊರಗೆ ಕಾಣುತ್ತದೆ. ಬಣ್ಣದ ಮರದ ಗುಂಡಿ ಬೇಡ, ಒದ್ದೆಯಾದರೆ ಕೆಲವು ಬಣ್ಣ ಬಿಡುತ್ತವೆ.

ಪೂರ್ತಿ ಬಿಳಿ ಬೋಳು ಅನ್ನಿಸುವವರು ಶಲ್ಯದಲ್ಲಿ ಬಣ್ಣ ತರಬಹುದು. ಕೆನೆ ಬಿಳಿ ಪಂಚೆ, ಅದೇ ಬಿಳಿ ಜುಬ್ಬ, ಹೆಗಲ ಮೇಲೆ ಕಡುಗೆಂಪು ಶಲ್ಯ. ಮದುಮಗನ ಅಣ್ಣ ತಮ್ಮಂದಿರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಹೊಳೆಯುವ ಕೋಟು, ಕಲ್ಲು ಹಾಕಿದ ಶೇರ್ವಾನಿ ಈಗ ಬಾಡಿಗೆಗೂ ಸಿಗುತ್ತವೆ. ಆದರೆ ಮೇ ತಿಂಗಳ ಕುಮಟೆಯ ಸೆಕೆಯಲ್ಲಿ ಅದನ್ನು ಹಾಕಿಕೊಂಡ ಹುಡುಗನ ಪಾಡು ನೋಡಲಾಗುವುದಿಲ್ಲ.

ಒಳಉಡುಪಿನ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಬಿಳಿ ಬಟ್ಟೆಯ ಒಳಗೆ ಬಿಳಿ ಹಾಕಿದರೆ ಎದ್ದು ಕಾಣುತ್ತದೆ. ಮೈಬಣ್ಣಕ್ಕೆ ಹತ್ತಿರದ ತಿಳಿ ಕಂದು ಅಥವಾ ತಿಳಿ ಬೂದು ಬಣ್ಣದ್ದು ಹಾಕಿ, ಕಾಣುವುದಿಲ್ಲ. ಬನಿಯನ್ನಿಗೂ ಇದೇ ಮಾತು. ಪಂಚೆಯ ಒಳಗೆ ಮಂಡಿ ತನಕದ ಜೇಬಿರುವ ಚಡ್ಡಿ ಹಾಕಿಕೊಂಡರೆ ಮೊಬೈಲ್, ದುಡ್ಡು ಇಡಲು ಜಾಗವೂ ಆಯಿತು, ಎತ್ತಿ ಕಟ್ಟಿದಾಗ ಮರ್ಯಾದೆಯೂ ಉಳಿಯಿತು.

ಉಡುವ ರೀತಿ

ಅಡ್ಡಪಂಚೆ ಸುಲಭ. ಬಟ್ಟೆಯ ನಡುಭಾಗ ಬೆನ್ನ ಹಿಂದೆ ಬರುವ ಹಾಗೆ ಹಿಡಿದು, ಎರಡೂ ತುದಿಯನ್ನು ಬಿಗಿಯಾಗಿ ಮುಂದೆ ಎಳೆಯಿರಿ. ಒಂದು ತುದಿಯನ್ನು ಎದುರು ಬದಿಯ ಸೊಂಟಕ್ಕೆ ಒತ್ತಿ ಸಿಕ್ಕಿಸಿ, ಇನ್ನೊಂದನ್ನು ಅದರ ಮೇಲೆ ತಂದು ಸಿಕ್ಕಿಸಿ. ಆಮೇಲೆ ಮೇಲಂಚನ್ನು ಒಂದು ಸುತ್ತು ಹೊರಗೆ ಮಡಚಿ. ಉಡುದಾರ ಇದ್ದರೆ ಅದರ ಒಳಗೆ ಸಿಕ್ಕಿಸಿ, ಜಾರುವುದಿಲ್ಲ. ಉಡುದಾರ ಇಲ್ಲದವರು ತೆಳು ಬೆಲ್ಟು ಕಟ್ಟಲಿ, ಅದರಲ್ಲಿ ನಾಚಿಕೆ ಏನಿಲ್ಲ. ಕೆಳಗಿನ ಅಂಚು ಪಾದದ ಗಂಟಿಗೆ ತಾಗುವಷ್ಟು ಇರಲಿ. ನೆಲಕ್ಕೆ ತಾಗಿದರೆ ಮೊದಲ ಹತ್ತು ಹೆಜ್ಜೆಗೇ ಅಂಚು ಕೆಂಪಾಗುತ್ತದೆ. ಹೊಸ ಹತ್ತಿ ಪಂಚೆ ಜಾರುತ್ತದೆ. ಮದುವೆಯ ದಿನವೇ ಮೊದಲ ಸಲ ಉಡಬೇಡಿ, ಒಮ್ಮೆ ಒಗೆದು, ಮನೆಯಲ್ಲಿ ಒಂದು ದಿನ ಉಟ್ಟು ಓಡಾಡಿ.

ಕಚ್ಚೆಗೆ ಇನ್ನೊಬ್ಬರ ಕಣ್ಣು ಬೇಕು. ಬಟ್ಟೆಯನ್ನು ಹಿಂದಿನಿಂದ ತಂದು ಹೊಕ್ಕುಳ ಹತ್ತಿರ ಗಂಟು ಹಾಕಿ, ಎರಡೂ ಕಡೆ ಸಮ ಉದ್ದ ಉಳಿಯುವ ಹಾಗೆ. ಒಂದು ಕಡೆಯ ತುದಿಯನ್ನು ನಿರಿಗೆ ಹಿಡಿದು ಕಾಲುಗಳ ನಡುವಿನಿಂದ ಹಿಂದಕ್ಕೆ ತಗೊಂಡು ಬೆನ್ನ ಮಧ್ಯ ಸಿಕ್ಕಿಸಿ. ಇನ್ನೊಂದು ಕಡೆಯದನ್ನು ನಿರಿಗೆ ಹಿಡಿದು ಮುಂದೆ ಸಿಕ್ಕಿಸಿ. ನಿರಿಗೆ ಒಂದೇ ಅಗಲ ಇರಲಿ, ಅಂಚುಗಳು ಒಂದರ ಮೇಲೊಂದು ಕೂರಲಿ. ಬಿಳಿಯಲ್ಲಿ ವಕ್ರ ನಿರಿಗೆ ಬೇರೆ ಬಣ್ಣಕ್ಕಿಂತ ಬೇಗ ಕಣ್ಣಿಗೆ ಬೀಳುತ್ತದೆ. ಮನೆಯ ಅಜ್ಜನೋ ಊರ ಭಟ್ಟರೋ ಇದ್ದರೆ "ಸ್ವಲ್ಪ ಕಚ್ಚೆ ಹಾಕಿಕೊಡ್ತೀರಾ" ಅಂತ ಕೇಳಿ. ವಿಡಿಯೋ ನೋಡಿ ಕಲಿಯುವುದಕ್ಕಿಂತ ಬೇಗ ಬರುತ್ತದೆ, ಅವರಿಗೂ ಖುಷಿ.

ನಡೆಯುವಾಗ, ಗದ್ದೆ ಬದು ದಾಟುವಾಗ ಎತ್ತಿ ಕಟ್ಟಿ. ಹಿರಿಯರು ಎದುರು ಬಂದರೆ, ದೇವಸ್ಥಾನದ ಮೆಟ್ಟಿಲು ಹತ್ತಿದರೆ ಕೆಳಗೆ ಬಿಡಿ. ಇದು ಹೇಳಿಕೊಡದೆಯೇ ಬರಬೇಕಾದದ್ದು. ಆದರೆ ಹೊರಗೆ ಬೆಳೆದ ಹುಡುಗರಿಗೆ ಹೇಳಬೇಕಾಗುತ್ತದೆ.

ಎಲ್ಲಿಗೆ ಏನು

ಗೋಕರ್ಣದ ಮಹಾಬಲೇಶ್ವರನ ಗರ್ಭಗುಡಿಯ ಹತ್ತಿರ ಗಂಡಸರು ಪಂಚೆ ಉಟ್ಟು, ಅಂಗಿ ತೆಗೆದೇ ಹೋಗಬೇಕು. ಅಲ್ಲಿಗೆ ಜುಬ್ಬಕ್ಕಿಂತ ಶಲ್ಯ ಮುಖ್ಯ. ಗಟ್ಟಿ ಹತ್ತಿಯ ಸಾದಾ ಪಂಚೆ ಸಾಕು, ಅಭಿಷೇಕದ ನೀರು, ಹಾಲು ತಾಗಿದರೂ ಚಿಂತೆಯಿಲ್ಲ. ದಡಕ್ಕೆ ಹೋಗುವ ಆಸೆ ಇದ್ದರೆ ಬೇರೆ ಬಟ್ಟೆ ಹಾಕಿಕೊಂಡು ಹೋಗಿ. ಉಪ್ಪು ನೀರಿನ ಸಿಡಿತ ಜರಿಗೆ ಆಗುವುದಿಲ್ಲ.

ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬೆ ಜಾತ್ರೆಗೆ ರೇಷ್ಮೆ ಉಡಬೇಡಿ. ನೂಕುನುಗ್ಗಲು, ಕುಂಕುಮ, ಧೂಳು. 40ನೇ ನಂಬರಿನ ಹತ್ತಿ ಪಂಚೆ ಎತ್ತಿ ಕಟ್ಟಿಕೊಂಡು ಆರಾಮಾಗಿ ತಿರುಗಿ. ಅಂಕೋಲೆಯ ಬಂಡಿ ಹಬ್ಬಕ್ಕೂ ಇದೇ ಸಲಹೆ.

ಯಕ್ಷಗಾನ ಬಯಲಾಟಕ್ಕೆ ರಾತ್ರಿಯಿಡೀ ನೆಲದ ಮೇಲೆ ಕೂರುವುದಾದರೆ ಒಂದು ಪಾಣಿಪಂಚೆ, ಅಂದರೆ ತೆಳು ಹತ್ತಿಯ ಟವೆಲ್, ಹೆಗಲ ಮೇಲೆ ಇರಲಿ. ಕೂರುವಾಗ ಅದನ್ನು ಹಾಸಿ. ಬೆಳಗ್ಗೆ ಎದ್ದಾಗ ಹಿಂದಿನಿಂದಲೂ ಬಿಳಿ ಬಿಳಿಯಾಗಿಯೇ ಇರುತ್ತದೆ.

ಮದುವೆ ಪಂಕ್ತಿಯಲ್ಲಿ ಬಡಿಸುವವರು ಶಲ್ಯವನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಳ್ಳುವುದು ಸುಮ್ನೆ ಅಲ್ಲ. ಸಾರಿನ ತೊಟ್ಟು ಬೀಳುವುದು ಅಲ್ಲಿಗೇ. ಶಲ್ಯ ಬದಲಿಸಿದರೆ ಆಯಿತು. ಊಟಕ್ಕೆ ಕೂರುವಾಗ ಪಂಚೆಯ ಮುಂಭಾಗವನ್ನು ಮಂಡಿಯ ಕೆಳಗೆ ಸೇರಿಸಿ ಕೂತರೆ ಎಲೆಯಿಂದ ಹರಿದ ತಂಬುಳಿ ಬಟ್ಟೆಗೆ ತಾಗುವುದಿಲ್ಲ.

ಹೊಸ ಪಂಚೆಗೆ ಅರಿಶಿನ ಕುಂಕುಮ ಹಚ್ಚಿ ಉಡುವ ಪದ್ಧತಿ ಇರುವ ಮನೆಯಾದರೆ ಸೊಂಟದ ಒಳಗೆ ಹೋಗುವ ಮೂಲೆಗೆ ಹಚ್ಚಿ. ಶಾಸ್ತ್ರವೂ ಆಯಿತು, ಕಲೆಯೂ ಹೊರಗೆ ಕಾಣದು.

ಕಲೆಗಳು

ಇದು ನಮ್ಮ ಊರಿನ ನಿಜವಾದ ಸಮಸ್ಯೆ. ಕಲೆ ಆದ ಕೂಡಲೇ ಸೋಪು, ಬಿಸಿನೀರು, ಬ್ಲೀಚು ಅಂತ ಎಲ್ಲ ಒಟ್ಟಿಗೆ ಸುರಿಯುತ್ತೇವೆ, ಅಲ್ವಾ? ಒಂದೊಂದು ಕಲೆಗೆ ಒಂದೊಂದು ದಾರಿ ಇದೆ.

ಕೆಂಪು ಮಣ್ಣು: ಒದ್ದೆ ಇರುವಾಗ ಉಜ್ಜಬೇಡಿ, ಇನ್ನೂ ಒಳಗೆ ಇಳಿಯುತ್ತದೆ. ಪೂರ್ತಿ ಒಣಗಲು ಬಿಡಿ. ಕೊಡವಿ, ಮೆತ್ತನೆ ಬ್ರಷ್ಷಿನಿಂದ ಉದುರಿಸಿ, ಆಮೇಲೆ ತಣ್ಣೀರಲ್ಲಿ ಜಾಲಿಸಿ. ಕೆಂಪು ಬಂದಿರುವುದು ಕಬ್ಬಿಣದ ತುಕ್ಕಿನಿಂದ. ಅದರ ಮೇಲೆ ಕ್ಲೋರಿನ್ ಬ್ಲೀಚ್ ಹಾಕಿದರೆ ಕಲೆ ಹೋಗುವ ಬದಲು ಗಟ್ಟಿಯಾಗುತ್ತದೆ. ಉಳಿದ ಛಾಯೆಗೆ ನಿಂಬೆರಸ, ಉಪ್ಪು ಹಚ್ಚಿ ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ಚೆನ್ನಾಗಿ ತೊಳೆಯಿರಿ. ಮೊಳೆಗೆ, ತಂತಿಗೆ ನೇತುಹಾಕಿ ಆದ ತುಕ್ಕಿನ ಕಲೆಗೂ ಇದೇ ಮದ್ದು. ಅಂಚಿನ ಬಣ್ಣಕ್ಕೂ ಜರಿಗೂ ನಿಂಬೆ ತಾಗಿಸಬೇಡಿ.

ಅಡಿಕೆ ಚೊಗರು: ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ ಇದು, ತೋಟದ ಮನೆಯವರಿಗೆ ಹೆಸರು ಕೇಳಿದರೇ ಸಾಕು. ಚೊಗರಿನಲ್ಲಿರುವ ಒಗರು ಅಂಶ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಕಬ್ಬಿಣದ ಅಂಶ ಇರುವ ಬಾವಿ ನೀರಲ್ಲಿ, ಕಬ್ಬಿಣದ ಬಕೆಟ್ಟಿನಲ್ಲಿ ಆ ಬಟ್ಟೆಯನ್ನು ನೆನೆಸಿದರೆ ಕೆಂಪು ಕಲೆ ಕಪ್ಪಾಗುವುದು ಇದರಿಂದ. ಮಳೆಗಾಲದಲ್ಲಾದರೆ ಸೂರಿನ ಮಳೆನೀರು ಹಿಡಿದು ಅದರಲ್ಲಿ ತಕ್ಷಣ ಜಾಲಿಸಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲೇ. ಒಣಗಿದ ಮೇಲೆ ಬಂದರೆ ಪೂರ್ತಿ ಹೋಗುವ ಆಸೆ ಇಟ್ಟುಕೊಳ್ಳಬೇಡಿ. ಕವಳದ ಕಲೆಯೂ ಇದೇ ಜಾತಿ. ಬಿದ್ದ ಕ್ಷಣವೇ ತಣ್ಣೀರು.

ಅರಿಶಿನ: ಸೋಪು ತಾಗಿದ ಕೂಡಲೇ ಹಳದಿ ಕಲೆ ಕೆಂಪಾಗುತ್ತದೆ. ಹೆದರಬೇಡಿ, ಕ್ಷಾರ ತಾಗಿದರೆ ಅರಿಶಿನ ಹಾಗೇ ಬದಲಾಗುವುದು. ತೊಳೆದರೆ ಮತ್ತೆ ಹಳದಿಯಾಗುತ್ತದೆ. ಆಮೇಲೆ ಆ ಭಾಗವನ್ನು ನೇರ ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಒಂದೆರಡು ಬಿಸಿಲಿಗೆ ಮಾಯವಾಗುತ್ತದೆ. ಕಾರವಾರದ ಮೀನು ಸಾರಿನ ಕಲೆಯಲ್ಲಿ ಅರಿಶಿನದ ಜೊತೆ ಎಣ್ಣೆಯೂ ಇರುತ್ತದೆ. ಮೊದಲು ಪಾತ್ರೆ ತೊಳೆಯುವ ಸೋಪಿನಿಂದ ಎಣ್ಣೆ ತೆಗೆಯಿರಿ, ಆಮೇಲೆ ಬಿಸಿಲು.

ಬಾಳೆಯ ಸೊನೆ, ಗೇರು ಸೊನೆ: ಇವು ಹಳತಾದರೆ ಹೋಗುವುದಿಲ್ಲ. ಬಿಳಿ ಉಟ್ಟುಕೊಂಡು ಬಾಳೆಗೊನೆ ಕಡಿಯಲು, ಎಲೆ ಕೊಯ್ಯಲು ಹೋಗಬೇಡಿ. ಮದುವೆ ಮನೆಯಲ್ಲಿ ಮಂಟಪಕ್ಕೆ ಬಾಳೆಕಂಬ ಕಟ್ಟುವ ಹುಡುಗರಿಗೂ ಇದನ್ನೇ ಹೇಳಿ, ಕೆಲಸ ಮುಗಿಸಿ ಆಮೇಲೆ ಪಂಚೆ ಉಡಲಿ.

ಕುತ್ತಿಗೆಪಟ್ಟಿ, ಕಂಕುಳಿನ ಹಳದಿ: ಬೆವರಿನದು. ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಬೆವರಿನ ಬಟ್ಟೆಯನ್ನು ಮರುದಿನಕ್ಕೆ ಬಿಡದೆ ಅದೇ ಸಂಜೆ ನೀರಿಗೆ ಹಾಕಿದರೆ ಈ ಹಳದಿ ಬಹಳ ಕಡಿಮೆ.

ಒಗೆಯುವುದು, ಗಂಜಿ, ಮಳೆಗಾಲ

ಬಿಳಿಯನ್ನು ಬಿಳಿಯ ಜೊತೆ ಮಾತ್ರ ಒಗೆಯಿರಿ. ಕೆನೆ ಬಿಳಿಗೆ ಹೊಳಪು ಕೊಡುವ ಪೌಡರ್ ಬೇಡ. ಅದರಲ್ಲಿ ಅಂಗಡಿಯ ಬಿಳಿಗೆ ಹಾಕುವಂಥದ್ದೇ ಹೊಳಪಿನ ರಾಸಾಯನಿಕ ಇರುತ್ತದೆ. ಒಗೆದಷ್ಟೂ ಕೆನೆ ಬಣ್ಣ ಹೋಗಿ ಅಲ್ಲೂ ಇಲ್ಲದ ಇಲ್ಲೂ ಇಲ್ಲದ ಬಿಳಿಯಾಗುತ್ತದೆ. ಸಾದಾ ಸೋಪು ಸಾಕು. ರೇಷ್ಮೆಗೆ, ಜರಿ ಅಂಚಿಗೆ ಅಂಟುವಾಳದ ಕಾಯಿ ನೆನೆಸಿ ಕಿವುಚಿದ ನೀರು ಒಳ್ಳೆಯದು. ಆ ನೀರನ್ನು ಸೋಸಿಕೊಳ್ಳಿ, ಬೇಗ ಜಾಲಿಸಿ ತೆಗೆಯಿರಿ. ರೇಷ್ಮೆಗೆ ಬ್ಲೀಚ್ ಯಾವತ್ತೂ ಬೇಡ, ಎಳೆಯೇ ಸುಟ್ಟು ಹೋಗುತ್ತದೆ.

ಉಜಾಲ, ನೀಲ ಹಾಲು ಬಿಳಿಗೆ ಮಾತ್ರ. ಮೊದಲು ಒಂದು ಚೊಂಬು ನೀರಲ್ಲಿ ಕದಡಿ, ಆಮೇಲೆ ಬಕೆಟ್ಟಿಗೆ ಸುರಿಯಿರಿ. ನೇರ ಬಟ್ಟೆ ಮೇಲೆ ಬಿದ್ದ ತೊಟ್ಟು ಕಲೆಯಾಗಿ ಉಳಿಯುತ್ತದೆ.

ಗಂಜಿ ಹಾಕುವುದಾದರೆ ಬೆಳ್ತಿಗೆ ಅಕ್ಕಿಯ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಯ ಗಂಜಿ ತಗೊಳ್ಳಿ. ಕರಾವಳಿಯ ಮನೆಗಳಲ್ಲಿ ದಿನಾ ಬೇಯುವ ಕುಚ್ಚಲಕ್ಕಿಯ ಗಂಜಿಗೆ ಬಣ್ಣ ಇರುತ್ತದೆ, ಬಿಳಿ ಬಟ್ಟೆಗೆ ಹತ್ತುತ್ತದೆ. ತೆಳ್ಳಗೆ ಸೋಸಿ, ನೀರು ಸೇರಿಸಿ, ಪಂಚೆ ಅದ್ದಿ, ಪೂರ್ತಿ ಒಣಗುವ ಮೊದಲೇ ಇಸ್ತ್ರಿ ಮಾಡಿ. ನಿರಿಗೆ ಕತ್ತಿಯ ಅಂಚಿನ ಹಾಗೆ ನಿಲ್ಲುತ್ತದೆ. ಗಂಜಿ ಹಾಕಿದ್ದನ್ನು ಆ ವಾರದಲ್ಲೇ ಉಡಿ. ಹಾಗೇ ಪೆಟ್ಟಿಗೆಯಲ್ಲಿ ಇಟ್ಟರೆ ಹುಳ, ಜಿರಳೆ ಬರುತ್ತವೆ, ಮಳೆಗಾಲದಲ್ಲಿ ಬೂಷ್ಟು ಮೊದಲು ಹಿಡಿಯುವುದೂ ಅದಕ್ಕೇ.

ಆಷಾಢದಲ್ಲಿ ಬಟ್ಟೆ ಒಣಗುವುದಿಲ್ಲ ಅಂತ ಬಚ್ಚಲ ಒಲೆಯ ಮೇಲೆ ಗಳ ಕಟ್ಟಿ ಒಣಹಾಕುತ್ತೇವೆ. ಬೇರೆ ಬಟ್ಟೆಗೆ ಅಡ್ಡಿಯಿಲ್ಲ, ಬಿಳಿಗೆ ಹೊಗೆ ಕೂತು ಹಳದಿಯಾಗುತ್ತದೆ. ಬಿಳಿಯನ್ನು ಒಳಗಿನ ಕೋಣೆಯಲ್ಲಿ, ಫ್ಯಾನಿನ ಕೆಳಗೆ, ಪದರ ಬಿಡಿಸಿ ಅಗಲವಾಗಿ ಹರಡಿ. ಗಳ ಬಿದಿರಿನದಾದರೆ ಒಮ್ಮೆ ಒರೆಸಿ ನೋಡಿ, ಹಸಿ ಬಿದಿರು, ಹಳೆ ಬಿದಿರು ಎರಡೂ ಕಲೆ ಬಿಡಬಹುದು. ಅರೆ ಒಣಗಿದ್ದನ್ನು ಇಸ್ತ್ರಿಯಲ್ಲಿ ಒಣಗಿಸಿ, ಆದರೆ ತಣ್ಣಗಾಗುವ ತನಕ ಮಡಚಬೇಡಿ. ಬಿಸಿ ಇರುವಾಗ ಮಡಚಿದರೆ ಒಳಗೆ ಹಬೆ ಉಳಿದು ಬೂಷ್ಟಿನ ಕಪ್ಪು ಚುಕ್ಕಿ ಬರುತ್ತದೆ. ಆ ಚುಕ್ಕಿ ಬಿಳಿಯಿಂದ ಹೋಗಿಸುವುದು ಬಹಳ ಕಷ್ಟ.

ಮೇ ಕೊನೆಗೆ, ಮೊದಲ ಮಳೆ ಬೀಳುವ ಮುಂಚೆ, ಒಳ್ಳೆಯ ಪಂಚೆಗಳನ್ನೆಲ್ಲ ಗಂಜಿ ಹೋಗುವ ಹಾಗೆ ಒಗೆದು, ಬಿಸಿಲಿಗೆ ಹಾಕಿ, ಹಳೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ, ತೇವ ಒಳಗೇ ಉಳಿದು ಜರಿ ಕಪ್ಪಾಗುತ್ತದೆ. ಮಡಿಕೆಗಳ ನಡುವೆ ಲಾವಂಚದ ಬೇರು ಇಡಿ, ಪರಿಮಳವೂ ಹೌದು. ನುಸಿಗುಳಿಗೆ ಇಡುವುದಾದರೆ ಬಟ್ಟೆಗೆ ತಾಗದ ಹಾಗೆ ಸಣ್ಣ ಚೀಲದಲ್ಲಿ ಕಟ್ಟಿ ಮೂಲೆಯಲ್ಲಿಡಿ. ಪೆಟ್ಟಿಗೆ ನೆಲಕ್ಕೂ ಗೋಡೆಗೂ ತಾಗದೆ ಹಲಗೆಯ ಮೇಲೆ ಇರಲಿ. ಕಬ್ಬಿಣದ ಟ್ರಂಕಾದರೆ ಒಳಗೆ ದಪ್ಪ ಬಟ್ಟೆ ಹಾಸಿ, ಇಲ್ಲವಾದರೆ ತುಕ್ಕು ಹತ್ತುತ್ತದೆ. ನವರಾತ್ರಿಯ ಹೊತ್ತಿಗೆ ಬಿಸಿಲು ಬಂದ ಕೂಡಲೇ ಎಲ್ಲ ಹೊರಗೆ ತೆಗೆದು ಗಾಳಿಗೆ ಹಾಕಿ. ಮತ್ತೆ ಇಡುವಾಗ ಹಳೆ ಮಡಿಕೆಯ ಗೆರೆಯಲ್ಲೇ ಮಡಚಬೇಡಿ. ಅದೇ ಗೆರೆಯಲ್ಲಿ ವರ್ಷಗಟ್ಟಲೆ ಇದ್ದರೆ ರೇಷ್ಮೆಯೂ ಜರಿಯೂ ಅಲ್ಲೇ ಸೀಳುತ್ತವೆ.